ಗೆದ್ದವಳ ಬಗ್ಗೆ ಬರೆಯಿರಿ ಎಂದರು

ಆಪರೇಷನ್ ಆಗಿ ಮನೆಗೆ ಬಂದ ಮಾರನೆಯ ದಿನ ನಾನು ಪೆನ್ನು ಕೇಳಿದೆ. ಬಲಗಡೆಯ ಮೊಲೆ ತೆಗೆದಿದ್ದರು, ಅದರ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ. ಬ್ಯಾಂಡೇಜಿನ ಅಡಿಯಿಂದ ಸಣ್ಣದೊಂದು ಕೊಳವೆ ಹೊರಗೆ ಬಂದು ಪ್ಲಾಸ್ಟಿಕ್ ಬಾಟಲಿಗೆ ಸೇರಿತ್ತು. ಆ ಬಾಟಲಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡೇ ಓಡಾಡಬೇಕಿತ್ತು. ನನ್ನ ಗಂಡ ಪೆನ್ನು, ಹಾಳೆ ತಂದುಕೊಟ್ಟರು. ಹೆಸರು ಬರೆಯಲು ಹೋದೆ. ಮೊದಲ ಅಕ್ಷರ ಮುಗಿಯುವಷ್ಟರಲ್ಲಿ ತೋಳಿನ ಒಳಗೆ ಯಾರೋ ಹುರಿ ಹಿಡಿದು ಜಗ್ಗಿದಂತಾಗಿ ಪೆನ್ನು ಕೈಬಿಟ್ಟೆ.

"ಈಗ್ಯಾಕ ಅವಸರ? ಮೊದಲ ಆರಾಮಾಗು," ಎಂದು ಅವರು ಪೆನ್ನನ್ನು ನೆಲದಿಂದ ಎತ್ತಿ ತಮ್ಮ ಜೇಬಿಗೆ ಸಿಕ್ಕಿಸಿಕೊಂಡರು.

ನಾವು ಧಾರವಾಡದ ಕಡೆಯವರು. ಅವರದು ಕೇಂದ್ರ ಸರ್ಕಾರದ ನೌಕರಿ. ವರ್ಗವಾಗಿ ಕೋಲ್ಕತ್ತಾಕ್ಕೆ ಬಂದು, ಇನ್ನೊಂದು ವರ್ಗ ಬರಲಿ ಎಂದು ಕಾಯುತ್ತಲೇ ಇಲ್ಲೇ ಉಳಿದುಬಿಟ್ಟೆವು. ದಿನಾ ಬೆಳಿಗ್ಗೆ ಅವರು ಬಿಬಿಡಿ ಬಾಗ್‌ನ ಕಚೇರಿಗೆ ಹೋಗುತ್ತಿದ್ದರು. ಲೇಕ್ ಗಾರ್ಡನ್ಸ್‌ನಲ್ಲಿ ರೈಲುಹಳಿಯ ಹತ್ತಿರ ನಮ್ಮ ಬಾಡಿಗೆ ಮನೆ. ಲೋಕಲ್ ರೈಲು ಹೋದಾಗಲೆಲ್ಲ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಸಣ್ಣಗೆ ನಡುಗುತ್ತಿದ್ದವು. ಮಧ್ಯಾಹ್ನದ ಊಟ ಮುಗಿಸಿ ಅದೇ ಊಟದ ಟೇಬಲ್ಲಿನ ಮೇಲೆ ನಾನು ಕತೆ ಬರೆಯುತ್ತಿದ್ದೆ. ವರ್ಷಕ್ಕೆ ಒಂದೋ ಎರಡೋ ಕತೆ ಊರಿನ ಕಡೆಯ ವಾರಪತ್ರಿಕೆಗಳಲ್ಲಿ ಬರುತ್ತಿದ್ದವು. ನಮ್ಮ ಓಣಿಯಲ್ಲಿ ಅವುಗಳನ್ನು ಓದಬಲ್ಲವರು ನನ್ನ ಗಂಡ ಒಬ್ಬರೇ. ಮಗಳು ಇಲ್ಲೇ ಬೆಳೆದವಳು. ಕನ್ನಡ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ.

ಇಷ್ಟು ವರ್ಷ ಹೆಂಗಸರ ಕತೆಗಳನ್ನೇ ಬರೆದರೂ ಮೊಲೆ ಎಂಬ ಶಬ್ದವನ್ನು ನಾನು ಒಮ್ಮೆಯೂ ಬರೆದಿರಲಿಲ್ಲ. ಎಲ್ಲ ಕಡೆಯೂ ಎದೆ ಎಂದೇ ಬರೆದಿದ್ದೆ. ಆಪರೇಷನ್ನಿನ ಸುದ್ದಿಯನ್ನು ಊರಿಗೆ ಫೋನ್ ಮಾಡಿ ತಿಳಿಸುವಾಗ ನನ್ನ ಗಂಡನಿಗೂ ಆ ಶಬ್ದ ಬಾಯಿಗೆ ಬರಲಿಲ್ಲ. "ಎದೀದು ಸಣ್ಣ ಆಪರೇಷನ್ ಆಗ್ಯದ," ಎಂದರು. ಕೇಳಿದವರೆಲ್ಲ ಹೃದಯದ ಕಾಯಿಲೆ ಎಂದುಕೊಂಡರು. ತುಪ್ಪ ಬಿಡಿಸಿ, ಮೆಟ್ಟಿಲು ಹತ್ತಿಸಬೇಡಿ, ಸಿಟ್ಟು ಬರುವ ಹಾಗೆ ಮಾತಾಡಬೇಡಿ ಎಂದು ಬುದ್ಧಿವಾದ ಬರತೊಡಗಿತು. ನನ್ನ ಅಣ್ಣನಂತೂ ಬೆಳ್ಳುಳ್ಳಿಯ ಔಷಧಿಯೊಂದನ್ನು ಪಾರ್ಸೆಲ್ ಕಳಿಸಿದ. ನಾವು ಯಾರನ್ನೂ ತಿದ್ದಲಿಲ್ಲ. ಕೀಮೋ ಶುರುವಾಗಿ ಕೂದಲು ಉದುರಿದಾಗ ಊರಿಗೆ ಹೋಗುವುದನ್ನೇ ನಿಲ್ಲಿಸಿದೆವು.

ಆ ವರ್ಷಗಳಲ್ಲಿ ಇಲ್ಲಿ ಎಲ್ಲರ ಮನೆಯಲ್ಲೂ ಒಳ್ಳೆಯ ಸುದ್ದಿ ಇರುತ್ತಿತ್ತು. ಸಾಲ್ಟ್ ಲೇಕ್ ಬಡಾವಣೆಯ ಸೆಕ್ಟರ್ ಫೈವ್‌ನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಪಾಡಾದ, ಅಂದರೆ ನಮ್ಮ ಕೇರಿಯ, ಹುಡುಗ ಹುಡುಗಿಯರಿಗೆ ಒಬ್ಬರಾದ ಮೇಲೊಬ್ಬರಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಕೆಲಸ ಸಿಕ್ಕವರ ತಾಯಂದಿರು ಸಂದೇಶ ಎಂಬ ಬಂಗಾಳಿ ಸಿಹಿಯ ಪೊಟ್ಟಣ ಹಿಡಿದು ಮನೆಮನೆಗೆ ಬರುತ್ತಿದ್ದರು. ನನ್ನ ಮಗಳಿಗೂ ಅಲ್ಲೇ ಕೆಲಸ. ಸಂಜೆಯಾದರೆ ಕಂಪನಿಯ ಗಾಡಿ ಓಣಿಯಲ್ಲಿ ಹಾರ್ನ್ ಹಾಕುತ್ತಿತ್ತು. ಅವಳು ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡು ಇಳಿದು ಹೋಗುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಸಂದೇಶ ಹಿಡಿದು ಬಂದವರು ನನ್ನ ತಲೆಗೆ ಸುತ್ತಿದ ಬಟ್ಟೆ ನೋಡಿ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ಪೊಟ್ಟಣ ಕೊಟ್ಟು, ಪಾಪ, ಬೇಗ ಹೊರಟುಬಿಡುತ್ತಿದ್ದರು. ಸಂಕಟ ಅವರಿಗೂ ಇತ್ತು. ಆದರೆ ಆಗ ನನಗೆ ಊರಿಗೆ ಊರೇ ಮುಂದಕ್ಕೆ ಹೊರಟ ಹಾಗೆ, ನನ್ನೊಬ್ಬಳನ್ನು ಇಳಿಸಿ ಹೋದ ಹಾಗೆ ಅನಿಸುತ್ತಿತ್ತು.

ಓಣಿಯವರೆಲ್ಲ ದಿದಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಹೆಂಗಸು ನಮ್ಮ ಮನೆಗೆ ಬಂದದ್ದು ಆಗ. ಅವರ ಮನೆ ನಮ್ಮಿಂದ ಎರಡು ಓಣಿ ಆಚೆ. ಹುಡುಗಿಯರ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನನಗಿಂತ ಹನ್ನೆರಡೋ ಹದಿಮೂರೋ ವರ್ಷ ದೊಡ್ಡವರು, ಆದರೆ ಬೆನ್ನು ನೆಟ್ಟಗೆ, ಅಗಲವಾದ ಭುಜ. ಕಾಟನ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ನನ್ನ ಸುದ್ದಿಯನ್ನು ಕೆಳಗಿನ ಮನೆಯವರಿಂದ ಕೇಳಿದ್ದರಂತೆ. ಒಳಗೆ ಬಂದವರೇ ಕುರ್ಚಿ ಎಳೆದುಕೊಂಡು ಕೂತು, ಬಂಗಾಳಿ ಹಿಂದಿ ಬೆರೆಸಿ ಕೇಳಿದರು.

"ಯಾವ ಕಡೆ?"

"ಬಲಗಡೆ."

"ನನಗೆ ಎಡಗಡೆ," ಎಂದು ಸೀರೆಯ ಮೇಲಿನಿಂದಲೇ ಅಲ್ಲಿ ತಟ್ಟಿಕೊಂಡರು. "ಈ ಚೀಲ ನಾನೇ ಹೊಲಿದದ್ದು. ಒಳಗೆ ಸಾಸಿವೆ ತುಂಬಿದ್ದೇನೆ. ಹತ್ತಿ ಹಗುರ, ಮೇಲಕ್ಕೆ ಏರಿಬಿಡುತ್ತದೆ. ನಿನಗೂ ಒಂದು ಹೊಲಿದುಕೊಡುತ್ತೇನೆ. ಈಗ ಎದ್ದು ಗೋಡೆಯ ಹತ್ತಿರ ಬಾ."

ಗೋಡೆಗೆ ಮುಖಮಾಡಿ ನಿಲ್ಲಿಸಿದರು. ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಮೇಲಕ್ಕೆ ನಡೆಸು ಎಂದರು. ಗಲ್ಲದ ಮಟ್ಟಕ್ಕೆ ಬರುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಅವರು ಅಲ್ಲೊಂದು ಪೆನ್ಸಿಲ್ ಗೆರೆ ಎಳೆದರು. "ನಾಳೆ ಇದರ ಮೇಲೆ," ಎಂದು ಹೇಳಿ ಹೊರಟರು. ನನ್ನ ಗಂಡ ಬಾಡಿಗೆ ಮನೆಯ ಗೋಡೆ ಎಂದು ಗೊಣಗಿದರು. ಆದರೂ ಆ ಗೆರೆ ಅಳಿಸಲಿಲ್ಲ.

ಕೈ ತಲೆಯ ಮೇಲೆ ಹೋಗುವಂತಾದ ಮೇಲೆ ದಿದಿ ನನ್ನನ್ನು ಮನೆಯ ಹತ್ತಿರದ ಲೇಕಿಗೆ ಕರೆದುಕೊಂಡು ಹೋಗಲು ಶುರುಮಾಡಿದರು. ಬೆಳಿಗ್ಗೆ ಓಣಿಯಲ್ಲಿ ನಿಂತು ಒಂದೇ ಸಲ "ಚೊಲೋ", ನಡಿ ಹೋಗೋಣ, ಎಂದು ಕೂಗುತ್ತಿದ್ದರು. ಎರಡನೆಯ ಸಲ ಕೂಗುತ್ತಿರಲಿಲ್ಲ. ಲೇಕಿನ ಸುತ್ತ ನಡೆಯುವಾಗ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದರೆ ಉಸಿರು ಹಾಳು ಎನ್ನುತ್ತಿದ್ದರು. ನೀರಿನಲ್ಲಿ ದೋಣಿಯ ಹುಡುಗರು ಹುಟ್ಟು ಹಾಕುತ್ತ ಹೋಗುತ್ತಿದ್ದರು, ದಡದಲ್ಲಿ ಮುದುಕರ ಗುಂಪೊಂದು ವೃತ್ತವಾಗಿ ನಿಂತು ಬಲವಂತದಿಂದ ನಗುತ್ತಿತ್ತು. ನಡಿಗೆ ಮುಗಿದ ಮೇಲೆ ಮಣ್ಣಿನ ಕುಡಿಕೆಯಲ್ಲಿ ಚಹಾ. ದಿದಿಗೆ ಸಕ್ಕರೆ ಇಲ್ಲದ್ದು. ಸಕ್ಕರೆ ಬಿಟ್ಟಿದ್ದರು, ಕರಿದದ್ದು ಬಿಟ್ಟಿದ್ದರು, ಅಷ್ಟು ಇಷ್ಟವಿದ್ದ ಮಾಂಸದ ಸಾರನ್ನೂ ಬಿಟ್ಟಿದ್ದರು. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚೇ ಬಿಟ್ಟಿದ್ದರು. "ಮೈ ಅನ್ನೋದು ಕ್ಲಾಸು ತಪ್ಪಿಸೋ ಹುಡುಗಿ. ಕಣ್ಣಿಟ್ಟು ನೋಡ್ತಾ ಇರಬೇಕು," ಎನ್ನುತ್ತಿದ್ದರು.

ನಾನು ಅದನ್ನು ನಂಬಿದೆ. ದೇವರನ್ನು ನಂಬುವುದಕ್ಕಿಂತ ಹೆಚ್ಚಾಗಿ ನಂಬಿದೆ. ನಡೆದರೆ ಬದುಕುತ್ತೇನೆ ಎಂದು ಯಾರೂ ಹೇಳಿರಲಿಲ್ಲ, ವೈದ್ಯರೂ ಹೇಳಿರಲಿಲ್ಲ. ನಡೆಯುವುದು ಒಳ್ಳೆಯದು ಎಂದಷ್ಟೇ ಹೇಳಿದ್ದರು. ಉಳಿದದ್ದನ್ನು ನಾನೇ ಸೇರಿಸಿಕೊಂಡಿದ್ದೆ.

ಬರವಣಿಗೆ ಮಾತ್ರ ಹಿಂದಿರುಗಲಿಲ್ಲ. ಕೈ ಮೇಲೆ ಎತ್ತಲು ಬಂತು, ಆದರೆ ಬಾವು ಬಂತು. ಮೊಣಕೈಯಿಂದ ಬೆರಳಿನವರೆಗೆ ತೋಳು ಹಿಟ್ಟಿನ ಉಂಡೆಯ ಹಾಗೆ ಊದಿಕೊಳ್ಳುತ್ತಿತ್ತು. ಬಳೆ ಕತ್ತರಿಸಿ ತೆಗೆಯಬೇಕಾಯಿತು. ಅರ್ಧ ಪುಟ ಬರೆದರೆ ಎರಡು ದಿನ ಕೈ ದಿಂಬಿನ ಮೇಲಿಟ್ಟು ಮಲಗಬೇಕು. ಮಗಳು ಒಂದು ಭಾನುವಾರ ತನ್ನ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಏರ್ಪಾಡು ಮಾಡಿಕೊಟ್ಟಳು.

"ಅಮ್ಮಾ, ಇಂಗ್ಲಿಷ್‌ನಲ್ಲಿ ಹೊಡಿ, ಅದು ಅಪ್ನೇ ಆಪ್ ಕನ್ನಡ ಆಗತದ. ನಿನ್ನ ಲೆಫ್ಟ್ ಹ್ಯಾಂಡ್ ಸಾಕು."

ಎಡಗೈಯ ಒಂದು ಬೆರಳಿನಿಂದ ಒತ್ತಿದೆ. ಪರದೆಯ ಮೇಲೆ ಅಕ್ಷರಗಳು ಬಂದವು. ಒತ್ತಕ್ಷರಗಳು ಎಲ್ಲೆಲ್ಲೋ ಸಿಡಿದು ಕೂತಿದ್ದವು. ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ, "ಈಸ್ ಇಟ್ ಕರೆಕ್ಟ್?" ಎಂದು ಕೇಳಿದಳು. ಅವಳಿಗೆ ಅದು ಸರಿಯೋ ತಪ್ಪೋ ತಿಳಿಯುವಂತಿರಲಿಲ್ಲ. ಸರಿಯಾಗಿದೆ ಎಂದೆ. ಅವಳು ಖುಷಿಯಿಂದ ನನ್ನ ಬೋಳು ತಲೆಗೆ ಮುತ್ತು ಕೊಟ್ಟಳು.

ಕೈ ಒಂದೇ ಕಾರಣವಾಗಿರಲಿಲ್ಲ. ಯಾವ ಕತೆ ಶುರುಮಾಡಿದರೂ ಎರಡನೆಯ ಪುಟಕ್ಕೆ ಅದರೊಳಗಿನ ಹೆಂಗಸು ಸ್ನಾನದ ಮನೆಯಲ್ಲಿ ಸೋಪು ಹಚ್ಚುವಾಗ ತಟ್ಟನೆ ನಿಂತುಬಿಡುತ್ತಿದ್ದಳು. ಅವಳನ್ನು ಮದುವೆ ಮನೆಗೆ ಕಳಿಸಿದರೂ, ಗಂಡನ ಜೊತೆ ಜಗಳಕ್ಕೆ ಹಚ್ಚಿದರೂ, ಕಡೆಗೆ ಆಸ್ಪತ್ರೆಯ ಕಾಯುವ ಬೆಂಚಿನ ಮೇಲೆ ಬಂದು ಕೂಡುತ್ತಿದ್ದಳು. ನನಗೆ ಬೇರೆ ಯಾರ ಬದುಕೂ ಕಾಣದಂತಾಗಿತ್ತು. ಕಾಯಿಲೆ ಮೈಯಲ್ಲಿದ್ದದ್ದನ್ನು ತೆಗೆದುಕೊಂಡು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು.

ಹೀಗಿರುವಾಗ ನನ್ನ ಕತೆಗಳನ್ನು ಹಾಕುತ್ತಿದ್ದ ಪತ್ರಿಕೆಯೊಂದರ ಸಂಪಾದಕರು ಬೆಂಗಳೂರಿನಿಂದ ಫೋನ್ ಮಾಡಿದರು. ಯಾರಿಂದಲೋ ವಿಷಯ ತಿಳಿದಿತ್ತು.

"ಮೇಡಂ, ಮಹಿಳಾ ವಿಶೇಷಾಂಕ ಮಾಡ್ತಾ ಇದ್ದೀವಿ. ಗೆದ್ದವಳ ಬಗ್ಗೆ ಬರೀರಿ. ಓದುಗರಿಗೆ ಒಂದು ಧೈರ್ಯ ಸಿಗ್ಬೇಕು."

"ಯಾರು ಗೆದ್ದವಳು?"

"ನೀವೇ ಮೇಡಂ," ಎಂದು ಅವರು ನಕ್ಕರು.

ನನ್ನ ಬಗ್ಗೆ ಬರೆಯಲಾಗಲಿಲ್ಲ. ದಿದಿಯ ಬಗ್ಗೆ ಬರೆದೆ. ಎಡಗೈಯ ಬೆರಳಿನಿಂದ ದಿನಕ್ಕೆ ನಾಲ್ಕೈದು ಸಾಲು. ಕ್ಯಾನ್ವಾಸ್ ಬೂಟು, ಸಾಸಿವೆಯ ಚೀಲ, ಗೋಡೆಯ ಮೇಲಿನ ಗೆರೆಗಳು, ಲೇಕು ಎಲ್ಲ ಬಂದವು. ಬಹಳ ದಿನಗಳ ಮೇಲೆ ನನ್ನ ವಾಕ್ಯಗಳಲ್ಲಿ ಬೇರೆಯೊಬ್ಬರು ಓಡಾಡುತ್ತಿದ್ದರು. ಆ ವಾರಗಳಲ್ಲಿ ನಾನು ಅಡುಗೆ ಮಾಡುತ್ತ ಏನೋ ಗುನುಗುತ್ತಿದ್ದೆ ಎಂದು ನನ್ನ ಗಂಡ ಆಮೇಲೆ ಹೇಳಿದರು.

ಲೇಖನ ಇನ್ನೂ ಮುಗಿದಿರಲಿಲ್ಲ. ದುರ್ಗಾಪೂಜೆಯ ಪೆಂಡಾಲುಗಳನ್ನು ಬಿಚ್ಚಿ ಬಿದಿರನ್ನು ಲಾರಿಗೆ ಹೇರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಲೇಕಿನ ಅರ್ಧ ಸುತ್ತಿನಲ್ಲಿ ದಿದಿ ಬೆಂಚಿನ ಮೇಲೆ ಕೂತರು. ಅವರು ಹಾಗೆ ಮಧ್ಯದಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ಸೊಂಟದ ಹಿಂದೆ ಕೈಯೊತ್ತಿ, "ಪೂಜೆಯಲ್ಲಿ ತುಂಬ ನಿಂತೆ. ಸ್ನಾಯು ಹಿಡಿದಿದೆ," ಎಂದರು. ಮುಂದಿನ ವಾರವೂ ಅದೇ ಮಾತು. ಅದರ ಮುಂದಿನ ವಾರ ಅವರು "ಚೊಲೋ" ಎಂದು ಕೂಗಲಿಲ್ಲ. ನಾನೇ ಹೋದೆ. ಬಾಗಿಲು ತೆಗೆದವರು ಗೋಡೆ ಹಿಡಿದು ನಿಂತಿದ್ದರು.

ಸ್ಕ್ಯಾನಿಗೆ ನಾನೇ ಜೊತೆಗೆ ಹೋದೆ. ಮೂಳೆಗೆ ಹರಡಿತ್ತು. ವೈದ್ಯರು ಬೆಳಕಿನ ಮುಂದೆ ಫಿಲಂ ಹಿಡಿದು, ಇಲ್ಲಿ, ಇಲ್ಲಿ, ಇಲ್ಲಿ ಎಂದು ತೋರಿಸಿದರು. ದಿದಿ ಶಿಸ್ತಾಗಿ ತಲೆಯಾಡಿಸುತ್ತ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ಟ್ಯಾಕ್ಸಿಯಲ್ಲಿ ನಾನು ಅಳುತ್ತಿದ್ದೆ, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಅಳುವಿನಲ್ಲಿ ಅವರ ಪಾಲು ಎಷ್ಟು, ನನ್ನದು ಎಷ್ಟು ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು ಅನಿಸುತ್ತದೆ. ಮನೆಯ ಹತ್ತಿರ ಇಳಿಯುವಾಗ, "ನಿನಗೂ ಹೀಗೇ ಆಗುತ್ತೆ ಅಂತ ಇಲ್ಲ. ನೀನು ನಡಿ," ಎಂದರು.

ಮರುದಿನ ನಾನು ನಡೆಯಲು ಹೋಗಲಿಲ್ಲ. ಎಷ್ಟೋ ದಿನ ಹೋಗಲಿಲ್ಲ. ಗೋಡೆಯ ಹತ್ತಿರವೂ ನಿಲ್ಲಲಿಲ್ಲ. ನನ್ನ ಗಂಡ ಒಂದು ಬೆಳಿಗ್ಗೆ ನನ್ನ ಬೂಟುಗಳನ್ನು ಹಾಸಿಗೆಯ ಪಕ್ಕಕ್ಕೆ ತಂದಿಟ್ಟರು.

"ನಾ ಬರ್ಲೇನ ನಿನ್ನ ಕೂಡ?"

"ಯಾಕ ಹೋಗಬೇಕು ಹೇಳ್ರಿ. ಆಕಿ ಒಂದ ದಿನ ಬಿಟ್ಟಿದ್ದಿಲ್ಲ. ಏನಾತು?"

ಅವರು ಬೂಟುಗಳನ್ನು ಎತ್ತಿಕೊಂಡು ಹೋಗಿ ಬಾಗಿಲ ಹಿಂದೆ ಇಟ್ಟರು.

ದಿದಿಯ ಅಣ್ಣನ ಮಗಳು ಬಂದು ಮನೆಯಲ್ಲಿ ಇರತೊಡಗಿದ್ದಳು. ಮಧ್ಯಾಹ್ನ ಅವಳು ಮಲಗಿದಾಗ ನಾನು ಹೋಗಿ ಕೂಡುತ್ತಿದ್ದೆ. ಆಟದ ಟೀಚರ್ ಮಂಚದ ಮೇಲೆ ಮಗ್ಗುಲು ತಿರುಗಲು ಇನ್ನೊಬ್ಬರ ಕೈ ಕಾಯುತ್ತಿದ್ದರು. ಒಂದು ದಿನ ನನ್ನ ಬರವಣಿಗೆ ಎಲ್ಲಿಗೆ ಬಂತು ಎಂದು ಕೇಳಿದರು. ಅವರ ಬಗ್ಗೆಯೇ ಬರೆಯುತ್ತಿರುವುದು ಅವರಿಗೆ ಮೊದಲೇ ಗೊತ್ತಿತ್ತು. ಓದು ಎಂದರು. ಮಾರನೆಯ ದಿನ ಮಗಳು ಪ್ರಿಂಟ್ ಮಾಡಿಕೊಟ್ಟ ಹಾಳೆಗಳನ್ನು ತೆಗೆದುಕೊಂಡು ಹೋದೆ. ಒಂದು ಸಾಲು ಕನ್ನಡ ನೋಡಿಕೊಂಡು, ನನ್ನ ಹರುಕು ಬಂಗಾಳಿಯಲ್ಲಿ ಹೇಳುತ್ತ ಹೋದೆ. ಸಾಸಿವೆಯ ಚೀಲದ ಜಾಗದಲ್ಲಿ ಸ್ವಲ್ಪ ನಕ್ಕರು. ಆಮೇಲೆ ನಗಲಿಲ್ಲ. ಸೂರ್ಯ ಹುಟ್ಟುವ ಮೊದಲೇ ಲೇಕಿನ ಸುತ್ತ ಒಬ್ಬ ಹೆಂಗಸು ಎಲ್ಲರನ್ನೂ ಹಿಂದೆ ಹಾಕಿ ನಡೆಯುತ್ತಾಳೆ ಎಂಬ ಜಾಗಕ್ಕೆ ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಅವಳು ಯಾರು?"

"ನೀವೇ, ದಿದಿ."

"ಅವಳನ್ನ ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತೆ," ಎಂದರು. ಹಾಳೆಗಳ ಕಡೆಗೆ ಬೆರಳು ತೋರಿಸಿ, "ನಾನು ಏನು ತಪ್ಪು ಮಾಡಿದೆ ಅಂತ ಬರಿ. ನೀನು ಲೇಖಕಿ. ನಾನು ಎಲ್ಲ ಬಿಟ್ಟೆ. ಒಂದು ದಿನಾನೂ ತಪ್ಪಿಸಲಿಲ್ಲ. ಎಲ್ಲಿ ತಪ್ಪಿತು ಅಂತ ಬರಿ. ನನಗೆ ಗೊತ್ತಾಗಬೇಕು."

ನಿಮ್ಮದು ಏನೂ ತಪ್ಪಿಲ್ಲ ಎಂದೆ. ಅದು ಅವರಿಗೆ ಬೇಕಾದ ಉತ್ತರವಾಗಿರಲಿಲ್ಲ. ತಪ್ಪು ಇದ್ದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡರು. ಒಂದು ದೊಡ್ಡ ಶಾಲೆಯ ಅಂಗಳದಲ್ಲಿ ಸೀಟಿ ಊದಿ ಸಾಲು ಮಾಡಿಸಿದ ಆ ಗಂಟಲಿನಿಂದ ಅಂದು ನಾನು ಕೇಳಿದ ಅಳು ಬಹಳ ಸಣ್ಣದು.

ಲೇಖನವನ್ನು ಮತ್ತೆ ಬರೆದೆ. ಮೊದಲಿನದನ್ನು ಹಾಗೆಯೇ ಇಟ್ಟು, ಅದರ ಮುಂದೆ ಟ್ಯಾಕ್ಸಿ, ಮಂಚ, ಅವರು ಕೇಳಿದ ಪ್ರಶ್ನೆ, ನನ್ನಲ್ಲಿ ಉತ್ತರವಿಲ್ಲದ್ದು ಎಲ್ಲ ಸೇರಿಸಿದೆ. ಅದನ್ನು ಬರೆಯುವಾಗ ಕೈ ನೋಯುತ್ತಿದೆ ಎಂಬುದೂ ಮರೆತು ಬಲಗೈಯಿಂದ ಟೈಪ್ ಮಾಡಿದ್ದೆ. ಮಗಳು ಅಂಚೆಗೆ ಹಾಕಿದಳು. ಸಂಪಾದಕರು ಫೋನ್ ಮಾಡಿದರು. ಚೆನ್ನಾಗಿದೆ, ಆದರೆ ಕೊನೆಯ ಭಾಗ ಬಹಳ ಭಾರ ಆಯಿತು, ವಿಶೇಷಾಂಕಕ್ಕೆ ಸ್ವಲ್ಪ ಕಷ್ಟ ಎಂದರು. ಹಾಗಿದ್ದರೆ ಹಾಕಬೇಡಿ ಎಂದೆ. ನೋಡೋಣ ಮೇಡಂ ಎಂದು ಇಟ್ಟರು.

ಚಳಿಗಾಲ ಮುಗಿಯುತ್ತಿದ್ದಂತೆ ದಿದಿ ಹೋದರು. ಕಡೆಯ ದಿನಗಳಲ್ಲಿ ಔಷಧಿಯ ಮಂಪರಿನಲ್ಲಿ ಅವರು ಹುಡುಗಿಯರ ಹೆಸರು ಹಿಡಿದು ಬೈಯುತ್ತಿದ್ದರು, ನೆಟ್ಟಗೆ ನಿಲ್ಲಿ ಎನ್ನುತ್ತಿದ್ದರು. ನನ್ನ ಗುರುತು ಹಿಡಿಯಲಿಲ್ಲ.

ವಿಶೇಷಾಂಕ ಬಂದದ್ದು ಆಮೇಲೆ. ಲೇಖನ ಅಚ್ಚಾಗಿತ್ತು. ಸೂರ್ಯ ಹುಟ್ಟುವ ಮೊದಲು ಲೇಕಿನ ಸುತ್ತ ಎಲ್ಲರನ್ನೂ ಹಿಂದೆ ಹಾಕುವ ಹೆಂಗಸಿನ ಸಾಲಿಗೆ ಮುಗಿದಿತ್ತು. ಮುಂದಿನದು ಇರಲಿಲ್ಲ. ಪಕ್ಕದಲ್ಲಿ, ಯಾವುದೋ ಸಮುದ್ರದ ದಡದಲ್ಲಿ ಎರಡೂ ಕೈ ಮೇಲೆತ್ತಿ ನಿಂತ ಹುಡುಗಿಯೊಬ್ಬಳ ಚಿತ್ರ. ನನ್ನ ಗಂಡ ಓದಿ ಮುಗಿಸಿ ಕನ್ನಡಕ ತೆಗೆದರು. "ಬೈಲೇನು ಫೋನ್ ಹಚ್ಚಿ?" ಎಂದರು. ಬ್ಯಾಡ ಎಂದೆ. ಬೈದರೆ ಏನಾಗುತ್ತಿತ್ತು? ಅರ್ಧಕ್ಕೆ ನಿಲ್ಲಿಸಿದ್ದ ಆ ದಿದಿ ಊರೂರಿಗೆ ನಡೆದು ಹೋಗಿಯಾಗಿತ್ತು.

ಮೆಚ್ಚುಗೆಯ ಮಾತುಗಳು ಬಂದವು. ಊರಿನಿಂದ ಅಣ್ಣ ಫೋನ್ ಮಾಡಿ, "ಹೃದಯದ್ದಲ್ಲೇನು ಹಂಗಾರ?" ಎಂದು ಕೇಳಿದ. ಒಂದು ಮಧ್ಯಾಹ್ನ ಗುರುತಿಲ್ಲದ ಹೆಂಗಸಿನ ಫೋನ್ ಬಂತು. ಗದಗಿನ ಕಡೆಯವಳು, ಪತ್ರಿಕೆಯವರಿಂದ ನಂಬರು ಪಡೆದಿದ್ದಳು. ಅವಳಿಗೂ ಆಪರೇಷನ್ ಆಗಿ ಕೆಲವು ತಿಂಗಳಾಗಿತ್ತು. ಮನೆಯಿಂದ ಹೊರಗೆ ಬಂದಿರಲೇ ಇಲ್ಲವಂತೆ.

"ನಿಮ್ಮ ಗೆಳತಿ ಜೋಡಿ ಮಾತಾಡಬೇಕಾಗಿತ್ರಿ. ಹಿಂದಿ ಸ್ವಲ್ಪ ಬರ್ತದ್ರಿ ನಂಗ. ಅವ್ರ ನಂಬರ್ ಕೊಡ್ತೀರೇನ್ರಿ?"

ಊರಿಗೆ ಹೋಗಿದ್ದಾರೆ ಎನ್ನಬಹುದಿತ್ತು. "ಅವ್ರು ತೀರಿಕೊಂಡಾರ್ರಿ," ಎಂದೆ. "ಮತ್ತ ಬಂದಿತ್ತು. ಮೂಳಿಗೆ."

ಲೈನು ಕಡಿದಿರಬಹುದು ಎಂದುಕೊಂಡೆ.

"ಹಂಗಾರ ನಾ ವಾಕಿಂಗ್ ಮಾಡ್ಲೇನ್ರಿ, ಬ್ಯಾಡೇನ್ರಿ?"

"ಮಾಡ್ರಿ."

"ಯಾಕ್ರಿ?"

ನನ್ನ ಗಂಡನನ್ನು ನಾನು ಕೇಳಿದ್ದ ಪ್ರಶ್ನೆ ಅದು. ಅವರು ಬೂಟು ಎತ್ತಿಟ್ಟು ಹೋಗಿದ್ದರು. ನನಗೆ ಅಲ್ಲಿಂದ ಎದ್ದು ಹೋಗುವಂತಿರಲಿಲ್ಲ. "ಮಾಡಿದ್ರ ಏನಾಗ್ತದೋ ಗೊತ್ತಿಲ್ರಿ," ಎಂದೆ. "ಮಾಡದಿದ್ರ ಹೊತ್ತ ಹೋಗೂದಿಲ್ರಿ. ದಿನಾ ಬೆಳಗ ಆಗ್ತದಲ್ಲ, ಏನ್ ಮಾಡೂದು?"

ಅವಳು ಹೂಂ ಎಂದಳು. ಮರುದಿನ ನಾನು ಲೇಕಿಗೆ ಹೋದೆ, ಅವಳಿಗೆ ಹೇಳಿದ ಮೇಲೆ ಹೋಗದೆ ಇರುವುದು ಸರಿಯಲ್ಲ ಎಂದು. ನಡಿಗೆಯಲ್ಲಿ ಯಾವ ಸುಖವೂ ಇರಲಿಲ್ಲ. ಬೆಂಚು, ದೋಣಿಗಳು, ಬಲವಂತದಿಂದ ನಗುವ ಮುದುಕರು ಎಲ್ಲ ಇದ್ದರು. ಸುತ್ತು ಮುಗಿಸಿ ಮನೆಗೆ ಬಂದೆ.

ಅವಳು ಆಗಾಗ ಫೋನ್ ಮಾಡುತ್ತಿದ್ದಳು. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಮಾತು. ಇವತ್ತು ಹೋಗಿದ್ರೇನ್ರಿ? ಹೋಗಿದ್ದೆ. ನೀವು? ಮಾಳಿಗಿ ಮ್ಯಾಲೆ ಅಡ್ಡಾಡಿದೆ. ಕಾಯಿಲೆಯ ಬಗ್ಗೆ ಇಬ್ಬರೂ ಎತ್ತುತ್ತಿರಲಿಲ್ಲ. ನಾನು ಬರೆಯಲು ಕೂತರೆ ಈಗ ಅವಳ ದನಿ ಬರುತ್ತದೆ, ಯಾಕ್ರಿ ಎಂದು. ಆ ಪ್ರಶ್ನೆಗೆ ಕತೆಯಲ್ಲಾದರೂ ಉತ್ತರ ಸಿಗಬಹುದೇ ಎಂದು ಎರಡು ಸಲ ಶುರುಮಾಡಿದೆ. ಒಂದನ್ನು ಅಳಿಸಿದೆ. ಇನ್ನೊಂದು ಕಂಪ್ಯೂಟರಿನಲ್ಲಿ ಹಾಗೇ ಇದೆ.

ಮಳೆಗಾಲದಲ್ಲಿ ಅವಳ ಫೋನ್ ಬರುವುದು ನಿಂತಿತು. ಒಂದು ತಿಂಗಳು ಕಾದೆ, ಆಮೇಲೂ ಕಾದೆ. ಅವಳ ನಂಬರು ನನ್ನ ಹತ್ತಿರ ಇದೆ.

"ಒಮ್ಮೆ ಮಾಡಿ ಕೇಳಬಾರದೇನು?" ಎಂದರು ನನ್ನ ಗಂಡ.

"ಯಾರರ ಬ್ಯಾರೆಯವ್ರು ಎತ್ತಿದ್ರ?" ಎಂದೆ.

ಅವರು ಮತ್ತೆ ಆ ಮಾತು ತೆಗೆದಿಲ್ಲ. ನಾನೂ ಫೋನ್ ಮಾಡಿಲ್ಲ.